ಮುಲುಂಡ್‌ನ ಮಾಣಿಗಳು ಯಾವ ಭಾಷೆ ಕಲಿತರು?

ನಿಮ್ಮಲ್ಲಿ ಬಹಳ ಜನ ಒಂದೇ ಪ್ರಶ್ನೆ ಕೇಳ್ತಾ ಇದ್ದೀರಿ: ಬೆಂಗಳೂರಿಗೆ ಬಂದವರು ಕನ್ನಡ ಕಲಿಯಬೇಕೋ ಬೇಡವೋ, ಕಲಿತರೆ ಅವರು ನಮ್ಮವರಾಗ್ತಾರಾ? ಇದರ ಮೇಲೆ ಟೀವಿಯಲ್ಲಿ, ಫೋನಿನಲ್ಲಿ ಆಗೋ ಜಗಳ ನೀವೂ ನೋಡಿದ್ದೀರಿ. ನಾನು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಇಡ್ತೀನಿ. ನಾವೇ ಗಂಟುಮೂಟೆ ಕಟ್ಟಿಕೊಂಡು ಇನ್ನೊಬ್ಬರ ಊರಿಗೆ ಹೋದಾಗ ಏನು ಮಾಡಿದೆವು? ಯಾರ ಭಾಷೆ ಕಲಿತೆವು, ಎಲ್ಲಿ ಕಲಿತೆವು, ಅದರಿಂದ ಏನು ಸಿಕ್ಕಿತು? ಇದಕ್ಕೆ ಉತ್ತರ ಹುಡುಕೋಕೆ ನಾನು ದೂರ ಹೋಗಬೇಕಾಗಿಲ್ಲ. ನಾನಿರೋದು ಮುಲುಂಡ್‌ನಲ್ಲಿ.

ಮುಲುಂಡ್ ಅಂದರೆ ಮುಂಬೈಯ ಹೊಸ್ತಿಲು. ಆಚೆಗೆ ಠಾಣೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಹಾದುಹೋದದ್ದು ಈ ನೆಲದ ಮೇಲೆಯೇ. 1922ರಲ್ಲಿ ಕ್ರೌನ್ ಮತ್ತು ಕಾರ್ಟರ್ ಅನ್ನೋ ವಾಸ್ತುಶಿಲ್ಪಿಗಳು ಇಲ್ಲಿ ಗೆರೆ ಎಳೆದ ಹಾಗೆ ರಸ್ತೆಗಳ ನಕ್ಷೆ ಹಾಕಿಕೊಟ್ಟರು. ಇವತ್ತಿಗೂ ಪಶ್ಚಿಮದ ಪಾಂಚ್ ರಸ್ತಾದಲ್ಲಿ ನಿಂತರೆ ಅದು ಗೊತ್ತಾಗುತ್ತೆ. ದೇಶವಿಭಜನೆ ಆದ ಮೇಲೆ ಸಿಂಧಿಗಳು ಬಂದು ಮುಲುಂಡ್ ಕಾಲೊನಿಯಲ್ಲಿ ನೆಲೆ ಕಂಡರು. ಕಛ್‌ನ ಗುಜರಾತಿಗಳಂತೂ ದೊಡ್ಡ ಸಂಖ್ಯೆಯಲ್ಲಿ ಇದ್ದಾರೆ. ಮುಲುಂಡ್ ಅಧಿಕೃತವಾಗಿ ಬೃಹನ್ಮುಂಬೈ ಒಳಗೆ ಬಂದದ್ದು 1957ರಲ್ಲಿ. ಆಗ್ರಾ ರಸ್ತೆ, ಅಂದರೆ ಈಗಿನ ಎಲ್‌ಬಿಎಸ್ ಮಾರ್ಗದ ಉದ್ದಕ್ಕೂ ಕಾರ್ಖಾನೆಗಳು ಎದ್ದವು, ಔಷಧಿ ಕಂಪನಿಗಳು ಬಂದವು. ಕಾರ್ಖಾನೆ ಬಂದಲ್ಲಿ ಪಾಳಿ, ಪಾಳಿ ಇದ್ದಲ್ಲಿ ಹಸಿವು, ಹಸಿವಿದ್ದಲ್ಲಿ ನಮ್ಮವರ ಇಡ್ಲಿ-ಸಾಂಬಾರ್!

ನಮ್ಮವರು ಅಂದೆ. ಯಾರು ಈ ನಮ್ಮವರು? ಇಲ್ಲೇ ನೋಡಿ ಮಜಾ ಇರೋದು. ಮುಂಬೈಗೆ ಹೋಟೆಲ್ ಕೆಲಸಕ್ಕೆ ಬಂದ ಹುಡುಗರಲ್ಲಿ ಬಹುಪಾಲು ಜನರ ಮನೆಮಾತು ಕನ್ನಡ ಅಲ್ಲ. ಬಂಟರು, ಬಿಲ್ಲವರು, ಮೊಗವೀರರು ಹೆಚ್ಚಾಗಿ ತುಳು ಆಡುವವರು. ಗೌಡ ಸಾರಸ್ವತರು ಕೊಂಕಣಿ, ಕ್ರೈಸ್ತರದ್ದೂ ಕೊಂಕಣಿ, ಆದರೆ ಬೇರೆ ರಾಗ. ಮುಸಲ್ಮಾನರು ಬ್ಯಾರಿ. ಕುಂದಾಪುರದ ಕಡೆಯವರದ್ದು ಕುಂದಗನ್ನಡ, ಅದು ಮೈಸೂರಿನವರಿಗೆ ಅರ್ಧ ಅರ್ಥವಾದರೆ ಪುಣ್ಯ. ಇವರೆಲ್ಲ ಊರಲ್ಲಿ ಒಂದೇ ಸಂತೆಗೆ ಹೋಗ್ತಿದ್ದರೂ ತಮ್ಮನ್ನು ತಾವು 'ಕನ್ನಡಿಗರು' ಅಂತ ದಿನಾ ಕರೆದುಕೊಂಡವರಲ್ಲ. ಮುಂಬೈಗೆ ಬಂದ ಮೇಲೆ ಕರೆದುಕೊಂಡರು.

ಕಾರಣ, ಅಕ್ಷರ. ದಕ್ಷಿಣ ಕನ್ನಡ ಜಿಲ್ಲೆ 1956ರ ತನಕ ಮದರಾಸಿನ ಆಡಳಿತದಲ್ಲಿತ್ತು, ಆದರೂ ಅಲ್ಲಿ ಶಾಲೆಯ ಭಾಷೆ, ಕಚೇರಿ ಕಾಗದದ ಭಾಷೆ, ಪತ್ರಿಕೆಯ ಭಾಷೆ ಕನ್ನಡ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಲ್ಲೇ ಹೊರಟಿತು. ತುಳುವಿನಲ್ಲಿ ಬೈದು, ಕನ್ನಡದಲ್ಲಿ ಕಾಗದ ಬರೆಯೋ ಜನ ಇವರು. ಯಕ್ಷಗಾನದ ಅರ್ಥಗಾರಿಕೆಯೂ ಹೆಚ್ಚಾಗಿ ಕನ್ನಡದಲ್ಲೇ. ಹಾಗಾಗಿ ದೂರದ ಊರಲ್ಲಿ ತುಳುವ, ಕೊಂಕಣಿಗ, ಬ್ಯಾರಿ, ಕುಂದಾಪುರದವ ಒಂದು ಕಡೆ ಸೇರಿದಾಗ ನಡುವೆ ಹಾಸೋಕೆ ಇದ್ದ ಚಾಪೆ ಅಂದರೆ ಕನ್ನಡ. ಯಾರೊಬ್ಬರ ಮನೆಯದ್ದೂ ಪೂರ್ತಿ ಅಲ್ಲ, ಅದಕ್ಕೇ ಎಲ್ಲರೂ ಕೂರಬಹುದಿತ್ತು.

ಆಮೇಲೆ ಸಂಘಗಳು ಬಂದವು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮಾಟುಂಗದ ಮೈಸೂರು ಅಸೋಸಿಯೇಷನ್, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಷನ್. ಜಾತಿ ಹೆಸರಿನ ಸಂಘಗಳು ಅಂತ ಮೂಗು ಮುರಿಯೋದು ಸುಲಭ. ಆದರೆ ಅವು ಮಾಡಿದ ಒಂದು ಕೆಲಸಕ್ಕೆ ಸಾಟಿಯಾದದ್ದನ್ನು ಬೇರೆ ಯಾವ ವಲಸೆ ಸಮುದಾಯದ ಚರಿತ್ರೆಯಲ್ಲೂ ನಾನು ಓದಿಲ್ಲ. ಅದೇ ರಾತ್ರಿ ಶಾಲೆ.

ಒಬ್ಬ ಹುಡುಗನ ದಿನ ಹೇಗಿರ್ತಿತ್ತು ಅಂತ ಯೋಚಿಸಿ. ವಯಸ್ಸು ಹನ್ನೊಂದೋ ಹನ್ನೆರಡೋ. ಊರಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ, ಮಾವನೋ ಚಿಕ್ಕಪ್ಪನೋ ಯಾರ ಜೊತೆಗಾದರೂ ಬಂದವನು. ಬೆಳಗಿನ ಜಾವ ಎದ್ದು ಹೋಟೆಲಿನ ಟೇಬಲ್ ಒರೆಸಬೇಕು, ಕಪ್ಪು-ಬಸಿ ತೊಳೀಬೇಕು. ಮಲಗೋದು ಅದೇ ಹೋಟೆಲಿನ ನೆಲದ ಮೇಲೆ, ಗಿರಾಕಿಗಳೆಲ್ಲ ಹೋದ ಮೇಲೆ. ಸಂಜೆ ಧಣಿ ಬಿಟ್ಟರೆ ಕೈಗೆ ಅಂಟಿದ ಸಾಂಬಾರಿನ ವಾಸನೆಯ ಜೊತೆಗೇ ರಾತ್ರಿ ಶಾಲೆ. ಪಾಠ ಕನ್ನಡ ಮಾಧ್ಯಮದಲ್ಲಿ. ಮಾಸ್ತರರು ಹಗಲು ಇನ್ನೆಲ್ಲೋ ಗುಮಾಸ್ತಗಿರಿ ಮಾಡಿ ಬಂದವರು. ಹುಡುಗರಲ್ಲಿ ಅರ್ಧ ಜನ ತೂಕಡಿಸ್ತಿದ್ದರು. ಬಿಲ್ಲವರ ಅಸೋಸಿಯೇಷನ್ ಫೋರ್ಟ್‌ನಲ್ಲಿ ನಡೆಸಿದ ಗುರುನಾರಾಯಣ ರಾತ್ರಿ ಶಾಲೆಯಂಥವು ಹುಡುಗರನ್ನು ಎಸ್ಸೆಸ್ಸಿ ತನಕ ದಾಟಿಸಿದವು. ನನ್ನ ದೊಡ್ಡಪ್ಪನೂ ಇಂಥದ್ದೇ ಒಂದು ಶಾಲೆಯಲ್ಲಿ ಕಲಿತವರು. ಎರಡು ಸಲ ಲೆಕ್ಕದಲ್ಲಿ ಫೇಲಾಗಿ, ಮೂರನೆಯ ಸಲ ಪಾಸಾಗಿ, ಹೋಟೆಲು ಬಿಟ್ಟು ಮುಲುಂಡ್‌ನ ಒಂದು ಕಾರ್ಖಾನೆಯ ಟೈಮ್ ಆಫೀಸ್ ಸೇರಿದರು.

ಈಗ ನೀವು ಕೇಳಬಹುದು: ಮುಂಬೈಗೆ ಬಂದು ಕನ್ನಡದಲ್ಲಿ ಕಲಿತರೆ ಅದು ಊರಿನ ಜೊತೆ ಬೆರೆಯೋದು ಹೇಗಾಗುತ್ತೆ? ಬೇರೆಯಾಗಿ ಉಳಿಯೋದಲ್ವಾ? ನನ್ನ ಅಭಿಪ್ರಾಯ ಪೂರ್ತಿ ಉಲ್ಟಾ. ಹದಿನಾಲ್ಕು ಗಂಟೆ ದುಡಿದು ಬಂದ ಹುಡುಗನಿಗೆ ಗೊತ್ತಿಲ್ಲದ ಭಾಷೆಯಲ್ಲಿ ಬೀಜಗಣಿತ ಹೇಳಿಕೊಟ್ಟಿದ್ದರೆ ಅವನು ಎರಡನೇ ವಾರದಲ್ಲೇ ಶಾಲೆ ಬಿಡ್ತಿದ್ದ. ಗೊತ್ತಿದ್ದ ಲಿಪಿಯಲ್ಲಿ ಲೆಕ್ಕ, ಭೂಗೋಳ ಕಲಿತ, ಅದರ ಜೊತೆಗೆ ಮರಾಠಿ, ಹಿಂದಿ, ಇಂಗ್ಲಿಷ್‌ಗಳನ್ನು ಒಂದೊಂದು ವಿಷಯವಾಗಿ ಕಲಿತ. ಪರೀಕ್ಷೆ ನಡೆಸಿದ್ದು ಮಹಾರಾಷ್ಟ್ರದ ಬೋರ್ಡು. ಮುಂಬೈ ಮಹಾನಗರ ಪಾಲಿಕೆ ತಾನೇ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆ ನಡೆಸಿತು, ಇದು ಸಣ್ಣ ಮಾತಲ್ಲ. 1967ರಲ್ಲಿ ಪುಣೆಯಲ್ಲಿ ಶುರುವಾದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕಿತು. ಅಂದರೆ ನಮ್ಮ ಹುಡುಗರು ನಾಲ್ಕನೆಯ ಇಯತ್ತೆಯಲ್ಲಿ ಶಿವಾಜಿ ಮಹಾರಾಜರ ಚರಿತ್ರೆ ಓದಿದ್ದು ಕನ್ನಡದಲ್ಲೇ. ಪ್ರತಾಪಗಡ, ಅಫಜಲ್ ಖಾನ್, ಆಗ್ರಾದ ಬುಟ್ಟಿ, ಎಲ್ಲವೂ ಕನ್ನಡದಲ್ಲೇ ತಲೆಗೆ ಹೋಯಿತು. ಒಂದು ನಾಡು ತನ್ನ ಕತೆಯನ್ನು ವಲಸೆಯವನಿಗೆ ಅವನದೇ ಅಕ್ಷರದಲ್ಲಿ ಹೇಳಿಕೊಟ್ಟಿತು. ಮಹಾರಾಷ್ಟ್ರಕ್ಕೆ ಸಲ್ಲಬೇಕಾದ ಈ ಶಾಭಾಸ್‌ಗಿರಿಯನ್ನು ನಾವು ಯಾವತ್ತೂ ಬಾಯ್ಬಿಟ್ಟು ಹೇಳಿಲ್ಲ.

ಬಳಸೋ ಮರಾಠಿ ಮಾತ್ರ ಶಾಲೆಯಿಂದ ಬರಲಿಲ್ಲ. ಅದು ಬಂದದ್ದು ಭಾಜಿ ಮಾರ್ಕೆಟ್ಟಿನಿಂದ, ಹಾಲಿನವನಿಂದ, ವಾರ್ಡ್ ಆಫೀಸಿನ ಲೈಸೆನ್ಸ್ ಗುಮಾಸ್ತನಿಂದ. 'ಕಾಯ್ ಪಾಹಿಜೆ' ಅಂತ ಕೇಳದೆ ದೋಸೆ ಮಾರೋಕಾಗಲ್ಲ. ಗಿರಾಕಿ ನಿನ್ನ ಭಾಷೆ ಕಲಿಯಲ್ಲ, ನೀನೇ ಅವನದ್ದು ಕಲಿಯಬೇಕು. ಈ ಒತ್ತಡಕ್ಕೆ ಯಾವ ಕಾನೂನೂ ಬೇಕಾಗಿರಲಿಲ್ಲ.

ಒಂದು ಚುನಾವಣೆಯ ಕತೆ ಹೇಳ್ತೀನಿ. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ಅದಕ್ಕೂ ಮೊದಲೇ, 1960ರಲ್ಲಿ ಶುರುವಾಗಿದ್ದ 'ಮಾರ್ಮಿಕ್' ವಾರಪತ್ರಿಕೆ ಕಂಪನಿಗಳಲ್ಲಿದ್ದ ದಕ್ಷಿಣ ಭಾರತೀಯರ ಹೆಸರಿನ ಪಟ್ಟಿ ಹಾಕೋದಕ್ಕೆ ಆರಂಭಿಸಿತ್ತು. ಗಾಳಿ ನಮ್ಮವರ ವಿರುದ್ಧ ಬೀಸ್ತಾ ಇದ್ದ ಆ ಹೊತ್ತಿನಲ್ಲಿ, 1967ರಲ್ಲಿ ಲೋಕಸಭೆ ಚುನಾವಣೆ. ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ಮಹಾಬಲಿ ಎಸ್. ಕೆ. ಪಾಟೀಲ್. ಎದುರಿಗೆ ಜಾರ್ಜ್ ಫರ್ನಾಂಡಿಸ್, ಮಂಗಳೂರಿನ ಹುಡುಗ, 1949ರಲ್ಲಿ ಬರಿಗೈಲಿ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದವರು. ಈಶಾನ್ಯ ಮುಂಬೈಯಲ್ಲಿ, ಅಂದರೆ ಇವತ್ತು ಮುಲುಂಡ್ ಯಾವ ಕ್ಷೇತ್ರದಲ್ಲಿದೆಯೋ ಆ ಹೆಸರಿನ ಕ್ಷೇತ್ರದಲ್ಲಿ, ವಿ. ಕೆ. ಕೃಷ್ಣ ಮೆನನ್ ನಿಂತರು. ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತಿದ್ದರು. ಎದುರಿಗೆ ಎಸ್. ಜಿ. ಬರ್ವೆ. ಇಬ್ಬರು ದಕ್ಷಿಣದವರು, ಒಂದೇ ಶಹರ, ಒಂದೇ ಚುನಾವಣೆ. ಫರ್ನಾಂಡಿಸ್ ಗೆದ್ದರು, ಮೆನನ್ ಸೋತರು. ಬರ್ವೆ ತೀರಿಕೊಂಡು ಉಪಚುನಾವಣೆ ಬಂದಾಗ ಬರ್ವೆಯವರ ತಂಗಿ ತಾರಾ ಸಪ್ರೆ ಎದುರು ಮೆನನ್ ಮತ್ತೊಮ್ಮೆ ಸೋತರು.

ಫರ್ನಾಂಡಿಸ್‌ಗೆ ಕೊಂಕಣಿ, ತುಳು, ಕನ್ನಡದ ಜೊತೆ ಮರಾಠಿ, ಹಿಂದಿ ನೀರಿನಂತೆ. ಹೋಟೆಲ್ ಕಾರ್ಮಿಕರನ್ನು, ಪಾಲಿಕೆಯ ನೌಕರರನ್ನು, ಟ್ಯಾಕ್ಸಿಯವರನ್ನು ಅವರವರ ಮಾತಿನಲ್ಲೇ ಕಟ್ಟಿದವರು. ಮೆನನ್ ವಿಶ್ವಸಂಸ್ಥೆಯಲ್ಲಿ ಗಂಟೆಗಟ್ಟಲೆ ಗುಡುಗಿದವರು, ಆದರೆ ಇಂಗ್ಲಿಷಿನಲ್ಲಿ. ಹಾಗಾದರೆ ಭಾಷೆಯೇ ಗೆಲ್ಲಿಸಿತು, ಭಾಷೆಯೇ ಸೋಲಿಸಿತು ಅಂತ ಮುಗಿಸಿಬಿಡಲಾ? ಆಗಲ್ಲ. ಇದೇ ಮೆನನ್ ಕಾಂಗ್ರೆಸ್ ಟಿಕೆಟ್ಟಿನ ಮೇಲೆ 1957ರಲ್ಲೂ 1962ರಲ್ಲೂ ಉತ್ತರ ಮುಂಬೈಯಿಂದ ಅದೇ ಇಂಗ್ಲಿಷ್ ಇಟ್ಟುಕೊಂಡೇ ಗೆದ್ದಿದ್ದರು. ನಡುವೆ 1962ರ ಚೀನಾ ಯುದ್ಧ ಆಯಿತು, ಪಕ್ಷ ಕೈಬಿಟ್ಟಿತು. ಆದರೆ ಪಕ್ಷದ ನೆರಳು ಹೋದ ಮೇಲೆ, 'ಇವನು ಹೊರಗಿನವನು' ಅಂತ ಕೂಗೆದ್ದಾಗ, ನಿಂತು ಉತ್ತರ ಕೊಡೋಕೆ ಬೀದಿಯ ಭಾಷೆ ಅವರ ಹತ್ತಿರ ಇರಲಿಲ್ಲ. ಫರ್ನಾಂಡಿಸ್ ಹತ್ತಿರ ಇತ್ತು. ಭಾಷೆ ಸುಖದ ದಿನಗಳಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರಲ್ಲ, ಕಷ್ಟದ ದಿನ ಬಂದಾಗ ಬರುತ್ತೆ.

ಬರೋದೂ ಎಷ್ಟು ಅಂತ ನೋಡಿ. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ವಿವಾದದ ಮೇಲೆ ಮುಂಬೈ ಹೊತ್ತಿ ಉರಿಯಿತು. ಮಾಹಿಮ್‌ನಲ್ಲಿ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರು ತಡೆಯಲು ಹೋದದ್ದರಿಂದ ಶುರುವಾಗಿ ಕೆಲವು ದಿನ ಗಲಭೆ. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಆ ಹೋಟೆಲಿನ ಗಲ್ಲಾದಲ್ಲಿ ಕೂತವನಿಗೆ ಕಲ್ಲು ಹೊಡೆದವನಷ್ಟೇ ಚೆನ್ನಾಗಿ ಮರಾಠಿ ಬರ್ತಿತ್ತು. 'ಮಾರ್ಮಿಕ್' ಪಟ್ಟಿಯಲ್ಲಿದ್ದ ಗುಮಾಸ್ತರು, ಸ್ಟೆನೋಗಳ ಮೇಲಿದ್ದ ಸಿಟ್ಟು ಕೂಡ ಅವರಿಗೆ ಮರಾಠಿ ಬರಲ್ಲ ಅಂತಲ್ಲ, ಅವರ ಕೈಲಿ ನೌಕರಿ ಇತ್ತು ಅಂತ. ಜಗಳ ಕುರ್ಚಿಯದ್ದು. ಭಾಷೆ ಬರೀ ಗುರುತು ಹಿಡಿಯೋ ಚೀಟಿ.

ಇದಕ್ಕೆ ನಮ್ಮ ಮುಲುಂಡೇ ಇತ್ತೀಚಿನ ಸಾಕ್ಷಿ. 2023ರ ಸೆಪ್ಟೆಂಬರಿನಲ್ಲಿ ಮುಲುಂಡ್ ಪಶ್ಚಿಮದ ಒಂದು ಹೌಸಿಂಗ್ ಸೊಸೈಟಿಯಲ್ಲಿ ಮರಾಠಿ ಮಹಿಳೆಯೊಬ್ಬರಿಗೆ, ನೀವು ಮರಾಠಿಯವರು ಅನ್ನೋ ಕಾರಣಕ್ಕೆ, ಆಫೀಸಿಗೆ ಜಾಗ ಕೊಡಲ್ಲ ಅಂದರು. ಆಕೆಯ ವಿಡಿಯೋ ಊರೆಲ್ಲ ಓಡಿತು, ಪೊಲೀಸ್ ಕೇಸೂ ಆಯಿತು. ಮಹಾರಾಷ್ಟ್ರದಲ್ಲಿ ಮರಾಠಿಯವರಿಗೇ ಬಾಗಿಲು ಮುಚ್ಚಿತು. ಅಲ್ಲಿ ಯಾರಿಗೂ ಯಾರ ಮಾತೂ ಅರ್ಥವಾಗದೇ ಇರಲಿಲ್ಲ!

ಬೆಂಗಳೂರಿಗೆ ಬರ್ತೀನಿ. ಅಲ್ಲಿಗೆ ಬಂದವರು ಕನ್ನಡ ಕಲಿಯಬೇಕು, ನನಗೆ ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಮಾಣಿ ಮರಾಠಿ ಕಲಿತದ್ದಕ್ಕೂ ಇವತ್ತಿನ ಸಾಫ್ಟ್‌ವೇರ್ ಹುಡುಗ ಕನ್ನಡ ಕಲಿಯದೆ ಇರೋದಕ್ಕೂ ಕಾರಣ ಸ್ವಭಾವ ಅಲ್ಲ. ಮಾಣಿ ಗಿರಾಕಿಯ ಕೈಕೆಳಗೆ ನಿಂತಿದ್ದ. ಸಾಫ್ಟ್‌ವೇರ್ ಹುಡುಗನೇ ಗಿರಾಕಿ. ಆಟೋದವನು, ತರಕಾರಿಯವಳು ಅವನ ಹಿಂದಿ ಕಲಿತುಬಿಡ್ತಾರೆ, ಯಾಕೆಂದರೆ ದುಡ್ಡು ಅವನ ಜೇಬಲ್ಲಿದೆ. ಅದೇ ಬೆಂಗಳೂರಿಗೆ ಬರೋ ಬಿಹಾರದ ಗಾರೆಯವನು, ಒಡಿಶಾದ ಸೆಕ್ಯೂರಿಟಿಯವನು ಮಾಣಿಯ ಜಾಗದಲ್ಲೇ ಇದ್ದಾನೆ. ಅವನು ಕಲಿಯೋಕೆ ತಯಾರಿದ್ದಾನೆ. ಆದರೆ ಅವನಿಗೆ ರಾತ್ರಿ ಶಾಲೆ ಎಲ್ಲಿದೆ? ಅವನ ಮಗನಿಗೆ ಕೆಂಪೇಗೌಡರ ಕತೆಯನ್ನು ಅವನ ಲಿಪಿಯಲ್ಲಿ ಅಚ್ಚು ಹಾಕಿ ಕೊಟ್ಟವರು ಯಾರು? ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ ಹೋರಾಡಿದೆವು, ಸರಿ. ಕಲಿಸೋ ಕೆಲಸಕ್ಕೆ ಅಷ್ಟು ಜನ ಬೀದಿಗೆ ಇಳಿದದ್ದನ್ನು ನಾನು ನೋಡಿಲ್ಲ.

ಮುಂಬೈಯ ಕತೆಗೆ ಒಂದು ಬಾಲ ಇದೆ, ಅದನ್ನೂ ಹೇಳಿಬಿಡ್ತೀನಿ. ಈ ಊರು ಕನ್ನಡಕ್ಕೆ ಕಮ್ಮಿ ಕೊಟ್ಟಿಲ್ಲ. ಎರಡು ಸಾಹಿತ್ಯ ಸಮ್ಮೇಳನ ಇಲ್ಲಿ ನಡೆದವು, 1951ರದ್ದಕ್ಕೆ ಗೋವಿಂದ ಪೈ ಅಧ್ಯಕ್ಷರು. ಯಶವಂತ ಚಿತ್ತಾಲರ 'ಶಿಕಾರಿ', ವ್ಯಾಸರಾಯ ಬಲ್ಲಾಳರ 'ಬಂಡಾಯ', ಜಯಂತ ಕಾಯ್ಕಿಣಿಯವರ ಕತೆಗಳು, ಎಲ್ಲ ಈ ಶಹರದ ಹೊಟ್ಟೆಯಿಂದ ಬಂದವು. ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ. ಆದರೆ ಕನ್ನಡ ಶಾಲೆಗಳ ಬೆಂಚು ಖಾಲಿಯಾಗ್ತಾ ಬಂತು. ಬಂಟರ ಸಂಘದ ಹೆಮ್ಮೆ ಈಗ ಪೊವಾಯಿಯ ಎಸ್. ಎಂ. ಶೆಟ್ಟಿ ಇಂಗ್ಲಿಷ್ ಶಾಲೆ. ಮಾಣಿಯ ಮೊಮ್ಮಗ ಮುಲುಂಡ್ ಸ್ಟೇಷನ್ನಿನಲ್ಲಿ ಮರಾಠಿ ಮಾತಾಡಿದರೆ ಅವನು ಸಾತಾರೆಯವನೋ ಸುರತ್ಕಲ್ಲಿನವನೋ ಅಂತ ಹೇಳೋಕಾಗಲ್ಲ. ಅಜ್ಜಿ ಜೊತೆ ತುಳು ಮಾತಾಡ್ತಾನೆ, ಒಳ್ಳೇ ತುಳುವೇ. ಕನ್ನಡ ಮಾತ್ರ ಓದೋಕೆ ಬರಲ್ಲ. ತುಳು ಇದ್ದದ್ದು ಅಡುಗೆಮನೆಯಲ್ಲಿ, ಅದು ಉಳಿಯಿತು. ಕನ್ನಡ ಇದ್ದದ್ದು ಶಾಲೆಯಲ್ಲಿ, ಶಾಲೆ ಹೋದಾಗ ಅದೂ ಹೋಯಿತು. ನಾಲ್ಕು ಜಾತಿ, ನಾಲ್ಕು ಮನೆಮಾತನ್ನು ಒಂದು ಚಾಪೆಯ ಮೇಲೆ ಕೂರಿಸಿದ್ದ ಭಾಷೆಯೇ ಮೊದಲು ಎದ್ದು ಹೋಯಿತು.

ಹೋದ ತಿಂಗಳು ನಮ್ಮ ಬಿಲ್ಡಿಂಗಿನ ಒಂದು ಮದುವೆಯ ಕಾಗದ ಬಂತು. ಹುಡುಗನ ಮನೆಯವರು ತುಳು, ಹುಡುಗಿ ಕುಂದಾಪುರದ ಕಡೆಯವಳು. ಒಳಗೆಲ್ಲ ಇಂಗ್ಲಿಷ್, ಒಂದು ಕಡೆ ಮರಾಠಿಯಲ್ಲಿ ಆಮಂತ್ರಣ. ಮೇಲ್ಗಡೆ ಗಣಪತಿ ಚಿತ್ರದ ಕೆಳಗೆ, ಕುಲದೇವರ ಹೆಸರು ಮಾತ್ರ ಕನ್ನಡದಲ್ಲಿ.