ಸೌತ್ ಡಕೋಟಾಕ್ಕೆ ಯಾಕೆ ಹೋಗಬೇಕು?

ಅಮೆರಿಕದ ಒಂದು ಭೂಪಟ ಆಗಾಗ ವಾಟ್ಸಾಪಿನಲ್ಲಿ ತೇಲಿ ಬರುತ್ತೆ, ನೀವೂ ನೋಡಿರಬಹುದು. ಐವತ್ತು ರಾಜ್ಯ, ಪ್ರತಿ ರಾಜ್ಯದ ಮೇಲೂ ಒಂದು ಪುಟ್ಟ ಚಿತ್ರ. ಆ ರಾಜ್ಯದಲ್ಲಿ ಜನ ನೋಡಲೇಬೇಕು ಅಂತ ಆಸೆಪಡುವ ಜಾಗ ಅದು. ಅರಿಜೋನಾ ಅಂದ್ರೆ ಗ್ರ್ಯಾಂಡ್ ಕ್ಯಾನ್ಯನ್, ವಯೋಮಿಂಗ್ ಅಂದ್ರೆ ಯೆಲ್ಲೋಸ್ಟೋನ್. ನ್ಯೂಯಾರ್ಕಿಗೆ ಒಂದೋ ಸ್ವಾತಂತ್ರ್ಯದೇವಿ, ಇಲ್ಲಾ ನಯಾಗರ. ಮಕ್ಕಳು ಅಲ್ಲಿರುವ ನಮ್ಮ ಕಡೆಯ ಯಾವ ಅಪ್ಪ ಅಮ್ಮನ ಆಲ್ಬಂ ತೆಗೆದರೂ ನಯಾಗರದ ಫೋಟೋ ಒಂದು ಇದ್ದೇ ಇರುತ್ತೆ: ಸೀರೆ ಮೇಲೆ ಸ್ವೆಟರ್, ಸ್ವೆಟರ್ ಮೇಲೆ ದೋಣಿಯವರು ಕೊಟ್ಟ ನೀಲಿ ಪ್ಲಾಸ್ಟಿಕ್ ರೇನ್‌ಕೋಟ್, ಹಿಂದೆ ಬರೀ ಬಿಳಿ ಹೊಗೆ.

ಭೂಪಟ ನೋಡಿದರೆ ದೇವರೇ ಕೂತು ರಾಜ್ಯಕ್ಕೊಂದರಂತೆ ಹಂಚಿಬಿಟ್ಟ ಹಾಗೆ ಕಾಣುತ್ತೆ. ಆದರೆ ಮಧ್ಯದಲ್ಲಿ, ಸ್ವಲ್ಪ ಮೇಲಕ್ಕೆ, ಸೌತ್ ಡಕೋಟಾ ಅಂತ ಒಂದು ರಾಜ್ಯ ಇದೆ. ಅದರ ಮೇಲಿರುವುದು ಕಲ್ಲಿನಲ್ಲಿ ಕೆತ್ತಿದ ನಾಲ್ಕು ಅಧ್ಯಕ್ಷರ ಮುಖ, ಮೌಂಟ್ ರಶ್ಮೋರ್. ಇದನ್ನು ದೇವರು ಕೊಟ್ಟಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಪ್ರವಾಸಿಗರು ಬರಲಿ ಅಂತಲೇ ಮಾಡಿಸಿದ್ದು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಉಳಿದ ಜಾಗಗಳ ಕತೆಯೂ ಇದಕ್ಕಿಂತ ತುಂಬಾ ಬೇರೆಯಲ್ಲ ಅನ್ನೋದು ಇನ್ನೂ ಕಡಿಮೆ ಜನಕ್ಕೆ ಗೊತ್ತು. ಅದಕ್ಕೆ ರಶ್ಮೋರಿಗೆ ಹೋಗೋ ಮುಂಚೆ ಮೊದಲು ನಯಾಗರದ ಹತ್ತಿರ ಸ್ವಲ್ಪ ನಿಲ್ಲೋಣ.

ಹತ್ತೊಂಬತ್ತನೇ ಶತಮಾನದ ಮಧ್ಯದ ಹೊತ್ತಿಗೆ ನಯಾಗರದ ಅಮೆರಿಕದ ದಡ ಪೂರ್ತಿ ಖಾಸಗಿಯವರ ಕೈಯಲ್ಲಿತ್ತು. ಗಿರಣಿ, ಹೋಟೆಲು, ಅಂಗಡಿ, ಬೇಲಿ. ಜಲಪಾತ ಕಾಣುವ ಜಾಗಗಳಿಗೆಲ್ಲ ಗೋಡೆ ಕಟ್ಟಿ ದುಡ್ಡು ಕೇಳೋರು. ಇದು ನಾಚಿಕೆಗೇಡು ಅಂತ ಚಳವಳಿ ಶುರುವಾಯಿತು. ಮುಂದೆ ನಿಂತವರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಒಬ್ಬರು. ಕೊನೆಗೆ ನ್ಯೂಯಾರ್ಕ್ ರಾಜ್ಯ ಸರ್ಕಾರ ಆ ಜಮೀನನ್ನು ಕೊಂಡು, ಕಟ್ಟಡ ಕೆಡವಿ, 1885ರ ಜುಲೈನಲ್ಲಿ ಜನರಿಗೆ ಪುಕ್ಕಟೆ ಬಿಟ್ಟುಕೊಟ್ಟಿತು. ಅಮ್ಮ ನಿಂತು ಫೋಟೋ ತೆಗೆಸಿಕೊಂಡ ಆ ಹಸಿರು ದಂಡೆ ಪ್ರಕೃತಿ ಕೊಟ್ಟದ್ದಲ್ಲ, ಗಿರಣಿ ಕಿತ್ತು ಮರ ನೆಟ್ಟು ಮಾಡಿದ್ದು.

ನೀರಾದರೂ ಪ್ರಕೃತಿಯದ್ದಾ? ಅದೂ ಅರ್ಧಂಬರ್ಧ. 1896ರಲ್ಲಿ ನಯಾಗರದ ವಿದ್ಯುತ್ ಬಫಲೋ ನಗರಕ್ಕೆ ಹರಿಯಿತು. (ಆರೇ ವರ್ಷಕ್ಕೆ, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು.) ಆಮೇಲೆ ಎರಡೂ ದೇಶಗಳು ನದಿಯನ್ನು ಸುರಂಗಗಳಿಗೆ ತಿರುಗಿಸುತ್ತಾ ಹೋದವು. ನೋಡೋಕೆ ಏನಾದರೂ ಉಳೀಬೇಕಲ್ಲ ಅಂತ 1950ರಲ್ಲಿ ಒಪ್ಪಂದ ಮಾಡಿಕೊಂಡವು. ಪ್ರವಾಸಿಗರ ಸೀಸನ್ನಿನಲ್ಲಿ, ಹಗಲು ಹೊತ್ತು, ಕನಿಷ್ಠ 1 ಲಕ್ಷ ಕ್ಯೂಸೆಕ್ ನೀರು ಜಲಪಾತದ ಮೇಲೆ ಬೀಳಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ 50 ಸಾವಿರ ಸಾಕು. ಕಾವೇರಿ ಗಲಾಟೆಯಲ್ಲಿ ಕ್ಯೂಸೆಕ್ ಲೆಕ್ಕ ಕಲಿತ ನಮಗೆ ಇದು ಬೇಗ ಅರ್ಥ ಆಗುತ್ತೆ. ಜನ ಮಲಗಿದ ಮೇಲೆ ನಲ್ಲಿ ತಿರುಗಿಸ್ತಾರೆ, ಅಷ್ಟೇ. 1969ರಲ್ಲಂತೂ ಬಂಡೆ ಪರೀಕ್ಷೆ ಮಾಡೋಕೆ ಅಮೆರಿಕದ ಕಡೆಯ ಜಲಪಾತವನ್ನು ಅಡ್ಡಕಟ್ಟೆ ಹಾಕಿ ತಿಂಗಳುಗಟ್ಟಲೆ ಪೂರ್ತಿ ಒಣಗಿಸಿದ್ದರು. ಒಣಗಿದ ಜಲಪಾತ ನೋಡೋಕೂ ಜನ ಬಂದರು ಅನ್ನೋದು ಬೇರೆ ಮಾತು.

ಯೆಲ್ಲೋಸ್ಟೋನಿಗೆ ಬಂದರೆ ಬೇರೆ ಪ್ರಶ್ನೆ ಏಳುತ್ತೆ: ಮುಂಚೆ ಅಲ್ಲಿ ಇದ್ದವರು ಯಾರು? 1871ರಲ್ಲಿ ಹೇಡನ್ ಎಂಬ ಭೂವಿಜ್ಞಾನಿಯ ತಂಡ ಸರ್ಕಾರದ ಪರವಾಗಿ ಅಲ್ಲಿಗೆ ಹೋಯಿತು. ಜೊತೆಗೆ ಥಾಮಸ್ ಮೊರಾನ್ ಎಂಬ ಚಿತ್ರಕಾರ, ವಿಲಿಯಂ ಹೆನ್ರಿ ಜಾಕ್ಸನ್ ಎಂಬ ಫೋಟೋಗ್ರಾಫರ್. ಮೊರಾನ್ ಹೋಗುವುದಕ್ಕೆ ಹಣದ ನೆರವು ಕೊಟ್ಟವರಲ್ಲಿ ಜೇ ಕುಕ್ ಒಬ್ಬ. ನಾರ್ದರ್ನ್ ಪೆಸಿಫಿಕ್ ರೈಲ್ವೆಗೆ ಬಂಡವಾಳ ಎತ್ತುತ್ತಿದ್ದ ಬ್ಯಾಂಕರ್ ಅವನು. ರೈಲು ಹಾಕಿದರೆ ಸಾಲದು, ರೈಲು ಹತ್ತೋಕೆ ಜನಕ್ಕೆ ಒಂದು ಕಾರಣ ಬೇಕು. ಚಿತ್ರ, ಫೋಟೋ ಎರಡೂ ವಾಷಿಂಗ್ಟನ್ನಿಗೆ ಹೋದವು, 1872ರ ಮಾರ್ಚ್ 1ರಂದು ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನದ ಕಾನೂನಿಗೆ ಸಹಿ ಬಿತ್ತು. ಮೊರಾನ್ ಬರೆದ ಕಣಿವೆಯ ದೊಡ್ಡ ಚಿತ್ರವನ್ನು ಸಂಸತ್ತು 10 ಸಾವಿರ ಡಾಲರ್ ಕೊಟ್ಟು ಕೊಂಡಿತು.

ಅಲ್ಲಿ ಮನುಷ್ಯರು ಓಡಾಡಿದ ಗುರುತುಗಳು 11 ಸಾವಿರ ವರ್ಷಕ್ಕೂ ಹಿಂದಿನವು. ಕಾಡುಕುರಿ ಬೇಟೆಯಾಡುತ್ತಿದ್ದ ಟುಕುಡಿಕಾ ಶೋಶೋನಿಗಳು ಉದ್ಯಾನ ಆಗುವಾಗಲೂ ಅಲ್ಲಿದ್ದರು. 1877ರಲ್ಲಿ ಸೈನ್ಯದಿಂದ ತಪ್ಪಿಸಿಕೊಂಡು ಓಡುತ್ತಿದ್ದ ನೆಜ್ ಪರ್ಸ್ ಜನ ಉದ್ಯಾನದ ಮೂಲಕ ಹಾದು, ಕೆಲವು ಪ್ರವಾಸಿಗರನ್ನು ಹಿಡಿದಿಟ್ಟುಕೊಂಡರು. ಇದಾದ ಮೇಲೆ ಮೂಲನಿವಾಸಿಗಳು ಉದ್ಯಾನದಲ್ಲಿ ಕಾಣಲೇಬಾರದು ಅಂತ ಅಧಿಕಾರಿ ಫಿಲೆಟಸ್ ನಾರಿಸ್ ಹೊರಟ. ಅವರಿಗೆ ಬಿಸಿನೀರಿನ ಬುಗ್ಗೆ ಕಂಡರೆ ಭಯ, ಅದಕ್ಕೆ ಈ ಕಡೆ ಬರೋದೇ ಇಲ್ಲ ಅನ್ನುವ ಕತೆ ಹಬ್ಬಿಸಿದವನೂ ಅವನೇ. ಜನರನ್ನು ಓಡಿಸಿ, ಅವರು ಮೊದಲಿಂದ ಇರಲೇ ಇಲ್ಲ ಅಂತ ಬೋರ್ಡು ಹಾಕೋದು! ‘ಮನುಷ್ಯನ ಸೋಂಕಿಲ್ಲದ ಕಾಡು’ ಅಂತ ನಾವು ಬ್ರೋಶರ್‌ನಲ್ಲಿ ಓದ್ತೀವಲ್ಲ, ಆ ಮಾತಿನ ಬೇರು ಇಲ್ಲೂ ಇದೆ.

ಸರಿ, ಈಗ ಸೌತ್ ಡಕೋಟಾ.

ರಾಜ್ಯದ ಪಶ್ಚಿಮಕ್ಕೆ ಪೈನ್ ಮರಗಳಿಂದ ಕಪ್ಪಾಗಿ ಕಾಣುವ ಬೆಟ್ಟಸಾಲು ಇದೆ, ಬ್ಲ್ಯಾಕ್ ಹಿಲ್ಸ್. ಲಕೋಟಾ ಜನರಿಗೆ ಅದು ಪಹಾ ಸಾಪಾ. ಅರ್ಥ ಅದೇ, ಕಪ್ಪು ಬೆಟ್ಟ. ಅವರಿಗೆ ಅದು ಪವಿತ್ರ. 1868ರಲ್ಲಿ ಅಮೆರಿಕ ಸರ್ಕಾರ ಫೋರ್ಟ್ ಲಾರಮಿ ಎಂಬಲ್ಲಿ ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ಬ್ಲ್ಯಾಕ್ ಹಿಲ್ಸ್ ಸೇರಿದಂತೆ ಈಗಿನ ಸೌತ್ ಡಕೋಟಾದ ಪಶ್ಚಿಮ ಅರ್ಧ ಪೂರ್ತಿ ಅವರದ್ದು. ಅದರಲ್ಲಿ ಒಂದಿಷ್ಟು ಬಿಟ್ಟುಕೊಡಬೇಕಾದರೂ ವಯಸ್ಕ ಗಂಡಸರಲ್ಲಿ ಮುಕ್ಕಾಲು ಪಾಲು ಜನ ಸಹಿ ಹಾಕಬೇಕು. ಹೀಗೆ ಬರೆದು ಕೊಟ್ಟ ಕಾಗದ ಅದು.

ಆರು ವರ್ಷ ಆಯ್ತು. 1874ರಲ್ಲಿ ಕಸ್ಟರ್ ಎಂಬ ಸೇನಾಧಿಕಾರಿ ದಂಡು ಕಟ್ಟಿಕೊಂಡು ಬೆಟ್ಟಕ್ಕೆ ಹೋದ, ಚಿನ್ನ ಸಿಕ್ಕಿತು ಅಂತ ಸುದ್ದಿ ಬಂತು. ಗಣಿ ಹುಡುಕುವವರು ನುಗ್ಗಿದರು. ಸರ್ಕಾರ ಬೆಟ್ಟ ಕೊಡಿ ಅಂತ ಕೇಳಿತು, ಲಕೋಟಾಗಳು ಒಪ್ಪಲಿಲ್ಲ. ಬೆಟ್ಟ ಬಿಟ್ಟುಕೊಡುವ ತನಕ ರೇಷನ್ ಇಲ್ಲ ಅಂತ ಸಂಸತ್ತು ತೀರ್ಮಾನಿಸಿತು. ಕಾಡೆಮ್ಮೆಗಳು ಮುಗಿಯುತ್ತಾ ಬಂದಿದ್ದ ಕಾಲ, ರೇಷನ್ ಇಲ್ಲ ಅಂದ್ರೆ ಉಪವಾಸ. ಅಷ್ಟಾದರೂ ಸಹಿ ಹಾಕಿದವರು ನೂರಕ್ಕೆ ಹತ್ತು ಜನ ಇರಬಹುದು. ಮುಕ್ಕಾಲು ಎಲ್ಲಿ, ಹತ್ತನೇ ಒಂದು ಎಲ್ಲಿ? 1877ರಲ್ಲಿ ಕಾನೂನು ಮಾಡಿ ಬೆಟ್ಟ ತೆಗೆದುಕೊಂಡರು. ಅಲ್ಲಿನ ಹೋಮ್‌ಸ್ಟೇಕ್ ಚಿನ್ನದ ಗಣಿ 2002ರವರೆಗೂ ನಡೆಯಿತು.

ಇನ್ನೊಂದು ಐವತ್ತು ವರ್ಷ ಮುಂದೆ ಬನ್ನಿ. ಕಾರು ಬಂದಿದೆ, ಹೆದ್ದಾರಿ ಬರ್ತಾ ಇದೆ, ಮಧ್ಯಮ ವರ್ಗದವರು ಬೇಸಿಗೆ ರಜೆಗೆ ಪಶ್ಚಿಮಕ್ಕೆ ಹೊರಡುತ್ತಾರೆ. ಆದರೆ ಅವರು ಹೋಗೋದು ಯೆಲ್ಲೋಸ್ಟೋನಿಗೆ. ಸೌತ್ ಡಕೋಟಾ ದಾರಿಯಲ್ಲಿ ಸಿಗೋ ಊರು, ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಹೋಗ್ತಾರೆ. ರೈತರ ಕೈಯಲ್ಲಿ ದುಡ್ಡಿಲ್ಲ. ಆ ರಾಜ್ಯದ ಅಧಿಕೃತ ಇತಿಹಾಸಕಾರ ಡೋನ್ ರಾಬಿನ್ಸನ್‌ಗೆ 1923ರಲ್ಲಿ ಒಂದು ಯೋಚನೆ ಬಂತು. ಜನಕ್ಕೆ ದೃಶ್ಯ ನೋಡಿ ಬೇಗ ಬೇಜಾರಾಗುತ್ತೆ, ನೋಡೋಕೆ ಏನೋ ಒಂದು ವಿಶೇಷ ಇರಬೇಕು, ಬೆಟ್ಟದಲ್ಲೇ ದೊಡ್ಡ ವಿಗ್ರಹ ಕೆತ್ತಿಸಿಬಿಟ್ಟರೆ? ಅಂದರೆ ಈ ಲೇಖನದ ಶೀರ್ಷಿಕೆಯ ಪ್ರಶ್ನೆ ಅವನದ್ದೇ. ತಮಾಷೆ ಅಂದ್ರೆ ಅವನ ಮೊದಲ ಪಟ್ಟಿಯಲ್ಲಿ ಅಧ್ಯಕ್ಷರ ಸುಳಿವಿರಲಿಲ್ಲ. ಪಶ್ಚಿಮದ ವೀರರು ಇರಲಿ ಅಂತ ಅವನ ಆಸೆ. ಅದರಲ್ಲಿ ರೆಡ್ ಕ್ಲೌಡ್ ಎಂಬ ಲಕೋಟಾ ನಾಯಕನೂ ಇದ್ದ.

ಶಿಲ್ಪಿಯಾಗಿ ಬಂದವನು ಗುಟ್ಜಾನ್ ಬೋರ್ಗ್ಲಮ್. ಆಗ ಜಾರ್ಜಿಯಾ ರಾಜ್ಯದ ಸ್ಟೋನ್ ಮೌಂಟನ್ ಬಂಡೆಯ ಮೇಲೆ, ಗುಲಾಮಗಿರಿಯ ಪರ ಯುದ್ಧ ಮಾಡಿದ ದಕ್ಷಿಣದ ಸೇನಾನಿಗಳನ್ನು ಕೆತ್ತುತ್ತಿದ್ದ. ಕು ಕ್ಲಕ್ಸ್ ಕ್ಲಾನ್ ನಾಯಕರ ಜೊತೆ ಒಡನಾಟ ಇತ್ತು. ಅಲ್ಲಿ ಜಗಳ ಮಾಡಿಕೊಂಡು ಹೊರಬಿದ್ದು ಇಲ್ಲಿಗೆ ಬಂದ. ಸ್ಥಳೀಯ ವೀರರೆಲ್ಲ ಬೇಡ, ಇಡೀ ದೇಶ ಬರಬೇಕು ಅಂದ್ರೆ ಅಧ್ಯಕ್ಷರೇ ಬೇಕು ಅಂದ. ಮಾರ್ಕೆಟಿಂಗ್ ಅವನಿಗೆ ಗೊತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ವಾಷಿಂಗ್ಟನ್, ಜೆಫರ್ಸನ್, ಥಿಯೋಡರ್ ರೂಸ್ವೆಲ್ಟ್, ಲಿಂಕನ್. ಲಕೋಟಾಗಳ ಕಡೆಯಿಂದ ನೋಡಿದರೆ ಈ ಆಯ್ಕೆ ಹೇಗಿರಬೇಡ! ಜೆಫರ್ಸನ್ 1803ರಲ್ಲಿ ಫ್ರಾನ್ಸಿನಿಂದ ‘ಕೊಂಡ’ ನೆಲದಲ್ಲಿ ಈ ಬೆಟ್ಟವೂ ಇತ್ತು, ಅಲ್ಲಿದ್ದವರನ್ನು ಯಾರೂ ಕೇಳಿರಲಿಲ್ಲ. 1862ರಲ್ಲಿ ಮಿನೆಸೋಟಾದಲ್ಲಿ 38 ಡಕೋಟಾ ಗಂಡಸರನ್ನು ಒಂದೇ ದಿನ ಗಲ್ಲಿಗೇರಿಸಿದ ಆದೇಶ ಲಿಂಕನ್‌ನದ್ದು. ನೂರಾರು ಜನರ ಶಿಕ್ಷೆ ತಪ್ಪಿಸಿ 38ಕ್ಕೆ ಇಳಿಸಿದವನೂ ಅವನೇ ಅನ್ನೋದನ್ನೂ ಹೇಳಬೇಕು.

ಕೆಲಸ 1927ರಲ್ಲಿ ಶುರುವಾಗಿ 1941ರಲ್ಲಿ ನಿಂತಿತು. ಸುಮಾರು 400 ಜನ ದುಡಿದರು, ಅವರಲ್ಲಿ ಬಹಳ ಜನ ಮೊದಲು ಗಣಿಯಲ್ಲಿದ್ದವರು. ಹಗ್ಗಕ್ಕೆ ಕಟ್ಟಿದ ಕುರ್ಚಿಯಲ್ಲಿ ನೇತಾಡುತ್ತಾ ಬಂಡೆ ಕೊರೆಯೋದು, ಡೈನಮೈಟ್ ಇಡೋದು. ಕೆತ್ತನೆ ಅಂತೀವಿ, ನಿಜಕ್ಕೂ ನೂರಕ್ಕೆ ತೊಂಬತ್ತು ಭಾಗ ಸಿಡಿಮದ್ದಿನ ಕೆಲಸ. ಕೆಳಗೆ ಬಿದ್ದ ಕಲ್ಲು ನಾಲ್ಕೂವರೆ ಲಕ್ಷ ಟನ್, ಇವತ್ತಿಗೂ ಮುಖಗಳ ಕೆಳಗೆ ರಾಶಿಯಾಗಿ ಬಿದ್ದಿದೆ. ಜೆಫರ್ಸನ್ ಮೊದಲು ವಾಷಿಂಗ್ಟನ್‌ನ ಇನ್ನೊಂದು ಪಕ್ಕದಲ್ಲಿದ್ದ. ಬಂಡೆ ಸರಿಯಿಲ್ಲ ಅಂತ ಅರ್ಧ ಆದ ಮುಖವನ್ನು ಸಿಡಿಸಿ ಈ ಪಕ್ಕ ಹೊಸದಾಗಿ ಮಾಡಿದರು. ಇಷ್ಟೆಲ್ಲ ಅಪಾಯದ ಕೆಲಸದಲ್ಲಿ ಒಬ್ಬರೂ ಸಾಯಲಿಲ್ಲ ಅನ್ನೋದು ದೊಡ್ಡದು. ಒಟ್ಟು ಖರ್ಚು 10 ಲಕ್ಷ ಡಾಲರಿಗೆ ಸ್ವಲ್ಪ ಕಮ್ಮಿ, ಹೆಚ್ಚಿನದ್ದು ಕೇಂದ್ರ ಸರ್ಕಾರ ಕೊಟ್ಟಿತು. ಪೀಟರ್ ನಾರ್ಬೆಕ್ ಎಂಬ ಸೆನೆಟರ್ ಬೆಟ್ಟದಲ್ಲಿ ರಸ್ತೆ ಮಾಡಿಸುವಾಗ, ಸುರಂಗದ ಬಾಯಿಂದ ಹೊರಗೆ ಬರುತ್ತಿದ್ದ ಹಾಗೆ ನಾಲ್ಕು ಮುಖ ಫ್ರೇಮಿನಲ್ಲಿ ಕೂತ ಹಾಗೆ ಕಾಣಲಿ ಅಂತ ಸುರಂಗಗಳ ದಿಕ್ಕನ್ನೇ ಹೊಂದಿಸಿದ. ಇನ್‌ಸ್ಟಾಗ್ರಾಂ ಬರೋಕೆ ಎಂಬತ್ತು ವರ್ಷ ಮುಂಚೆ.

ರಾಬಿನ್ಸನ್ ಲೆಕ್ಕ ಸರಿಯಾಯಿತು. ಈಗ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬರ್ತಾರೆ. ದಾರಿಯಲ್ಲಿ ವಾಲ್ ಎಂಬ ಪುಟ್ಟ ಊರಿದೆ. ಅಲ್ಲಿ ಔಷಧಿ ಅಂಗಡಿ ಇಟ್ಟಿದ್ದ ದಂಪತಿ 1936ರ ಬಿರುಬಿಸಿಲಲ್ಲಿ ಹೆದ್ದಾರಿ ಪಕ್ಕ ‘ತಣ್ಣೀರು ಉಚಿತ’ ಅಂತ ಬೋರ್ಡು ನೆಟ್ಟರು. ರಶ್ಮೋರಿಗೆ ಹೋಗುವ ಕಾರುಗಳೆಲ್ಲ ನಿಲ್ಲತೊಡಗಿದವು. ಇವತ್ತು ಆ ಅಂಗಡಿಯೇ ಒಂದು ಪ್ರವಾಸಿ ತಾಣ.

ಲಕೋಟಾಗಳು ಸುಮ್ಮನೆ ಕೂತಿರಲಿಲ್ಲ. ಕೋರ್ಟು ಕೇಸು 1920ರ ದಶಕದಲ್ಲೇ ಶುರುವಾಗಿತ್ತು, ಅಂದರೆ ಬೆಟ್ಟದಲ್ಲಿ ಮುಖ ಮೂಡುವ ಹೊತ್ತಿಗೆ ಬೆಟ್ಟ ಯಾರದ್ದು ಅನ್ನುವ ವ್ಯಾಜ್ಯವೂ ನಡೀತಾ ಇತ್ತು. ಸೋತರು, ಮತ್ತೆ ಹಾಕಿದರು, ವಕೀಲರು ಬದಲಾದರು, ತಲೆಮಾರು ಬದಲಾಯಿತು. 1970ರಲ್ಲಿ ಮೂಲನಿವಾಸಿ ಹೋರಾಟಗಾರರು ರಶ್ಮೋರ್ ಬೆಟ್ಟ ಹತ್ತಿ ಮೇಲೆ ಬೀಡುಬಿಟ್ಟರು. ಕೊನೆಗೆ 1980ರ ಜೂನ್ 30ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಎಂಟು ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಸರ್ಕಾರ ಬೆಟ್ಟವನ್ನು ನ್ಯಾಯವಾದ ಪರಿಹಾರ ಕೊಡದೆ ಕಿತ್ತುಕೊಂಡಿದೆ, 1877ರ ಬೆಲೆ ಮತ್ತು ಅಲ್ಲಿಂದ ಈಚೆಗಿನ ಬಡ್ಡಿ ಸೇರಿಸಿ ಕೊಡಬೇಕು. ಒಟ್ಟು 10 ಕೋಟಿ ಡಾಲರಿಗೂ ಹೆಚ್ಚು.

ಲಕೋಟಾಗಳು ಆ ದುಡ್ಡು ಮುಟ್ಟಲಿಲ್ಲ. ತಗೊಂಡರೆ ಬೆಟ್ಟ ಮಾರಿದ ಹಾಗೆ, ನಾವು ಮಾರಿಲ್ಲ ಅಂದರು. ರಶ್ಮೋರಿನಿಂದ ಕಾರಿನಲ್ಲಿ ಒಂದೆರಡು ಗಂಟೆ ಹೋದರೆ ಪೈನ್ ರಿಡ್ಜ್ ಸಿಗುತ್ತೆ, ಓಗ್ಲಾಲಾ ಲಕೋಟಾಗಳ ಮೀಸಲು ಪ್ರದೇಶ. ಇಡೀ ಅಮೆರಿಕದ ಅತಿ ಬಡ ಜಾಗಗಳಲ್ಲಿ ಒಂದು. ಕೆಲಸ ಇಲ್ಲ, ಮನೆ ಸಾಲದು, ಸಕ್ಕರೆ ಕಾಯಿಲೆ ಮನೆಮನೆಯಲ್ಲಿ. ಆ ದುಡ್ಡು ತಗೋಬಾರದಾ ಅಂತ ನನಗೂ ಅನಿಸಿದ್ದುಂಟು. ಇಎಂಐ ಲೆಕ್ಕದಲ್ಲಿ ಬದುಕುವ ನಮ್ಮಂಥವರಿಗೆ ಹಾಗೆ ಅನಿಸೋದೇ ಸಹಜ. ಅಲ್ಲೂ ತಗೋಳೋಣ ಅನ್ನುವವರು ಇದ್ದಾರೆ, ಆದರೆ ಅವರ ಸರ್ಕಾರಗಳು ಇವತ್ತಿನವರೆಗೆ ಒಪ್ಪಿಲ್ಲ.

2004ರಲ್ಲಿ ಜೆರಾರ್ಡ್ ಬೇಕರ್ ಎಂಬವರು ರಶ್ಮೋರಿನ ಮುಖ್ಯ ಅಧಿಕಾರಿಯಾಗಿ ಬಂದರು, ಮ್ಯಾಂಡನ್-ಹಿಡಾಟ್ಸಾ ಮೂಲದವರು. ಆ ಕುರ್ಚಿಯಲ್ಲಿ ಕೂತ ಮೊದಲ ಮೂಲನಿವಾಸಿ. ಮುಖಗಳ ಕೆಳಗೆ ಮೂಲನಿವಾಸಿಗಳ ಟೀಪೀ ಗುಡಾರ ಹಾಕಿಸಿ, ಅಧ್ಯಕ್ಷರಿಗಿಂತ ಮುಂಚಿನ ಕತೆಯನ್ನೂ ಪ್ರವಾಸಿಗರಿಗೆ ಹೇಳಿಸತೊಡಗಿದರು. ಆ ಬೆಟ್ಟಕ್ಕೆ ಲಕೋಟಾಗಳ ಹೆಸರು ‘ಆರು ಅಜ್ಜಂದಿರು’. ರಶ್ಮೋರ್ ಅನ್ನೋದು 1885ರಲ್ಲಿ ಗಣಿ ಹಕ್ಕುಪತ್ರ ನೋಡೋಕೆ ಬಂದ ನ್ಯೂಯಾರ್ಕಿನ ಒಬ್ಬ ವಕೀಲರ ಹೆಸರು.

ಲಕೋಟಾಗಳು ಮುಟ್ಟದ ದುಡ್ಡು ಸರ್ಕಾರದ ಖಜಾನೆಯಲ್ಲೇ ಇದೆ. ಬಡ್ಡಿಗೆ ಬಡ್ಡಿ ಸೇರಿ ಈಗ 100 ಕೋಟಿ ಡಾಲರ್ ದಾಟಿದೆ.