ತುಂಬಿ: ದಾರ, ಗುಂಡುಸೂಜಿ, ಕ್ಯಾಮರಾ

ಕನ್ನಡದಲ್ಲಿ ತುಂಬಿಯೆಂದರೆ ಮಕರಂದವನ್ನು ಹೀರುವ ದುಂಬಿ. ಮಲಯಾಳದಲ್ಲಿ ಅದೇ ಹೆಸರು, ನಾಲ್ಕು ತೆಳುರೆಕ್ಕೆಗಳಿಂದ ನೀರಿನ ಮೇಲೆ ಸುಳಿಯುವ ಬೇರೊಂದು ಕೀಟಕ್ಕೆ ಸಲ್ಲುತ್ತದೆ. ನಮ್ಮ ಮಕ್ಕಳು ಇದನ್ನು ಏರೋಪ್ಲೇನ್ ಚಿಟ್ಟೆ ಎನ್ನುವರು. ಇವುಗಳಲ್ಲಿ ಕುಳಿತಾಗಲೂ ರೆಕ್ಕೆ ಚಾಚಿರುವುದು ದೊಡ್ಡ ಜಾತಿ. ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿಕೊಳ್ಳುವುದು ಸೂಜಿಯಂತಹ ಸಣ್ಣ ಜಾತಿ. ಕಾಸರಗೋಡಿನ ಶಾಲೆಯಂಗಳದಲ್ಲಿ ಎರಡು ಭಾಷೆಗಳ ಮಕ್ಕಳೂ ಕೂಡಿ ಆಡುವುದರಿಂದ ನಮಗೆ ಎರಡು ಹೆಸರುಗಳೂ ಪರಿಚಿತವೇ.

ಈ ಕೀಟದೊಡನೆ ಮಾನವನ ಸಂಬಂಧ ಮೊದಲಿಗೆ ದಾರದ್ದು. ಬಾಲಕ್ಕೆ ದಾರ ಕಟ್ಟಿ, ಅದರ ಕಾಲುಗಳಿಂದ ಸಣ್ಣ ಕಲ್ಲನ್ನೆತ್ತಿಸುವುದು ಮಕ್ಕಳ ಆಟ. ಎಳೆಯರ ಮೇಲೆ ಹೊರಲಾರದ ಹೊರೆ ಹೊರಿಸುವವರನ್ನು ಕುರಿತು, ತುಂಬಿಯಿಂದ ಕಲ್ಲೆತ್ತಿಸುತ್ತಾರೆಂದು ಮಲಯಾಳಿಗಳು ಆಡಿಕೊಳ್ಳುವುದು ಈ ಆಟದಿಂದಲೇ. ಉಪಾಧ್ಯಾಯರಾದ ನಾವು ನೆನಪಿಡತಕ್ಕ ಮಾತಿದು.

ಎರಡನೆಯದು ಗುಂಡುಸೂಜಿಯ ಕಾಲ. ಇಂಡಿಯನ್ ಮೆಡಿಕಲ್ ಸರ್ವಿಸಿನ ವೈದ್ಯಾಧಿಕಾರಿ ಎಫ್. ಸಿ. ಫ್ರೇಸರ್ (1880–1963) ಅವರು ಕೊಡಗು, ನೀಲಗಿರಿ ಮೊದಲಾದ ಮಲೆನಾಡುಗಳಲ್ಲಿ ಬಲೆ ಹಿಡಿದು ತಿರುಗಿದರು. 1933, 1934, 1936ರಲ್ಲಿ ಪ್ರಕಟವಾದ ಅವರ ಮೂರು ಸಂಪುಟಗಳು ಇಂದಿಗೂ ಈ ಶಾಸ್ತ್ರಕ್ಕೆ ಅಡಿಗಲ್ಲು. ಆದರೆ ಸತ್ತ ತುಂಬಿಯ ನೀಲಿ, ಹಸುರು ಬಣ್ಣಗಳು ಬೇಗನೆ ಮಾಸುತ್ತವೆ. ಸಂಗ್ರಹಾಲಯದ ಪೆಟ್ಟಿಗೆಯಲ್ಲಿ ಉಳಿಯುವುದು ಹೆಚ್ಚಾಗಿ ಕಂದುಬಣ್ಣದ ದೇಹ ಮಾತ್ರ.

ಆ ಬಣ್ಣವನ್ನು ಉಳಿಸಿದ್ದು ಕ್ಯಾಮರಾ. 2005ರಲ್ಲಿ ಕೆ. ಎ. ಸುಬ್ರಮಣಿಯನ್ ಅವರು ದಕ್ಷಿಣ ಭಾರತದ ತುಂಬಿಗಳ ಸಚಿತ್ರ ಕೈಪಿಡಿಯೊಂದನ್ನು ಹೊರತಂದ ಮೇಲೆ, ಕೊಲ್ಲದೆಯೇ ಗುರುತಿಸುವುದು ಸಾಮಾನ್ಯರಿಗೂ ಸುಲಭವಾಯಿತು. ಕೆಲವು ಜಾತಿಗಳನ್ನು ಬಾಲದ ತುದಿಯ ಅವಯವಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿಯೇ ನಿರ್ಣಯಿಸಬೇಕೆಂಬುದೂ ನಿಜ.

ಬೇಸಗೆಯಲ್ಲಿ ತೋಡುಗಳು ಬತ್ತಿದಾಗ ಉಳಿದ ಹೊಂಡ, ಮದಕಗಳ ಬಳಿ ಇವನ್ನು ನೋಡಬಹುದು. ಮುಂಜಾನೆ ಮೈ ಕಾಯುವ ಮುನ್ನ ತುಂಬಿ ಅಲುಗದೆ ಕುಳಿತಿರುತ್ತದೆ. ಚಿತ್ರ ತೆಗೆಯಲು ಅದೇ ಸಕಾಲ. ನಡುಹಗಲಲ್ಲಿ ಕೆಲವು ಜಾತಿಗಳು ಬಾಲವನ್ನು ನೇರವಾಗಿ ಸೂರ್ಯನೆಡೆಗೆ ಎತ್ತಿ ನಿಲ್ಲುತ್ತವೆ. ಬಿಸಿಲು ತಾಗುವ ಮೈಯನ್ನು ಕಿರಿದಾಗಿಸುವ ಉಪಾಯವದು.

ತುಂಬಿಯ ಮರಿ ಬೆಳೆಯುವುದು ನೀರಿನಲ್ಲಿ. ಮದಕವನ್ನು ಮಣ್ಣಿನಿಂದ ಮುಚ್ಚಿದರೆ ಅಲ್ಲಿನ ಸಂತತಿಯೂ ಮುಗಿಯಿತು. ಆದುದರಿಂದ ಮಕ್ಕಳು ತೆಗೆದ ಚಿತ್ರದ ಕೆಳಗೆ ಊರು, ನೀರಿನ ನೆಲೆ, ದಿನಾಂಕ ಇವನ್ನು ಬರೆದಿಡುವ ಅಭ್ಯಾಸ ಮಾಡಿಸೋಣ. ಅರಸರ ಶಾಸನಗಳಿಲ್ಲದ ನಮ್ಮ ಸಣ್ಣ ಊರುಗಳಿಗೆ ಇವೂ ಚರಿತ್ರೆಯ ಆಧಾರಗಳಾದಾವು.