ಅರೆ ತುಂಬಿದ ಕೊಡ

‘ತುಂಬಿದ ಕೊಡ ತುಳುಕುವುದಿಲ್ಲ’ ಎಂಬ ಗಾದೆಯನ್ನು ನಾವು ವಿದ್ವಾಂಸರ ವಿನಯಕ್ಕೆ ಹೋಲಿಕೆಯಾಗಿ ಬಳಸುವುದು ವಾಡಿಕೆ. ಜಲಾಂತರ್ಗಾಮಿ ನೌಕೆಗಳ ಚರಿತ್ರೆಯಲ್ಲಿ ಈ ಮಾತು ಅಕ್ಷರಶಃ ನಿಜವಾದ ಪ್ರಸಂಗವೊಂದುಂಟು. ಅಲ್ಲಿ ತುಳುಕಿದ್ದು ಅರೆ ತುಂಬಿದ ಕೊಡ. ಆ ಕೊಡದೊಳಗೆ ಮೂವರ ಪ್ರಾಣವಿತ್ತು.

1848ರಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್ ಸೀಮೆಗಾಗಿ ಜರ್ಮನರಿಗೂ ಡೇನರಿಗೂ ಯುದ್ಧ ಹತ್ತಿತು. ಡೇನರ ನೌಕಾಬಲ ದೊಡ್ಡದು. ಅವರ ಹಡಗುಗಳು ಜರ್ಮನ್ ಬಂದರುಗಳಿಗೆ ಅಡ್ಡಗಟ್ಟಿ ನಿಂತವು. ನೀರಿನಡಿಯಿಂದ ಸಾಗಿ ಅವುಗಳಿಗೆ ಸಿಡಿಮದ್ದು ಕಟ್ಟಬಾರದೇಕೆ ಎಂದು ಯೋಚಿಸಿದವನು ಬವೇರಿಯದ ಫಿರಂಗಿದಳದ ವಿಲ್‌ಹೆಲ್ಮ್ ಬಾಯರ್. ಆತ ಮೊದಲು ಪುಟ್ಟದೊಂದು ಮಾದರಿಯನ್ನು ಮಾಡಿ ತೋರಿಸಿದ. ತರುವಾಯ ಕೀಲ್ ಪಟ್ಟಣದಲ್ಲಿ ಸುಮಾರು 8 ಮೀಟರು ಉದ್ದದ ಕಬ್ಬಿಣದ ನೌಕೆ ಸಿದ್ಧವಾಯಿತು. ಇಬ್ಬರು ಚಕ್ರ ತುಳಿದರೆ ಅದು ಮುಂದೆ ಸಾಗುತ್ತಿತ್ತು.

ನೌಕೆ ಮುಳುಗಬೇಕಾದರೆ ಒಳಗೆ ನೀರು ತುಂಬಿ ತೂಕ ಹೆಚ್ಚಿಸಬೇಕು. ಏಳಬೇಕಾದರೆ ಆ ನೀರನ್ನು ಹೊರದೂಡಬೇಕು. ಬಾಯರನ ಮೂಲ ನಕ್ಷೆಯಲ್ಲಿ ಈ ನೀರಿಗೆಂದೇ ತೊಟ್ಟಿಗಳಿದ್ದವು. ಹಣ ಸಾಲದೆ ಅವನ್ನು ಕೈಬಿಟ್ಟರು. ಕಬ್ಬಿಣದ ತಗಡನ್ನೂ ತೆಳುವಾಗಿಸಿದರು. ನೀರು ನೌಕೆಯ ತಳದಲ್ಲಿಯೇ ಅಂಕೆಯಿಲ್ಲದೆ ನಿಲ್ಲುವಂತಾಯಿತು. ಹಿಂದು ಮುಂದಿನ ಸಮತೂಕಕ್ಕೆ ಸರಿಸಬಲ್ಲ ಭಾರವೊಂದಿದ್ದರೂ ಹರಿಯುವ ನೀರಿನ ಮುಂದೆ ಅದರ ಆಟ ಸಾಗಲಿಲ್ಲ.

1851ರ ಫೆಬ್ರವರಿ 1ರಂದು ಬಾಯರ್ ಇಬ್ಬರು ಸಂಗಾತಿಗಳೊಡನೆ ಕೀಲ್ ಬಂದರಿನಲ್ಲಿ ಮುಳುಗಿದ. ನೌಕೆ ಹಿಂದಕ್ಕೆ ವಾಲಿತು. ಒಳಗಿನ ನೀರೆಲ್ಲ ಅತ್ತ ನುಗ್ಗಿ ವಾಲಿದ್ದನ್ನು ಮತ್ತಷ್ಟು ವಾಲಿಸಿತು. ನೌಕೆ ತಳ ಸೇರಿತು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವಂತಿರಲಿಲ್ಲ. ಆಗ ಬಾಯರ್ ಹೇಳಿದ ಉಪಾಯ ಸಂಗಾತಿಗಳಿಗೆ ಹುಚ್ಚೆಂದು ತೋರಿತು: ಇನ್ನಷ್ಟು ನೀರನ್ನು ಒಳಬಿಡಬೇಕು! ನೀರು ಏರಿದಂತೆ ಒಳಗಿನ ಗಾಳಿ ಅದುಮಿಕೊಂಡು ಹೊರಗಿನ ಒತ್ತಡಕ್ಕೆ ಸರಿಸಮವಾಗುತ್ತದೆ, ಬಾಗಿಲು ತಾನೇ ತೆರೆಯುತ್ತದೆ ಎಂಬುದು ಅವನ ಲೆಕ್ಕ. ಕತ್ತಿನವರೆಗೆ ಏರುವ ನೀರಿನಲ್ಲಿ ನಿಂತು ಇದನ್ನು ನಂಬುವುದು ಸುಲಭವೇ? ಕೊನೆಗೆ ಅವರು ಒಪ್ಪಿದರು. ಬಾಗಿಲು ತೆರೆಯಿತು, ಮೂವರೂ ಬದುಕಿ ಮೇಲೆ ಬಂದರು. ಕೊಲ್ಲಲು ಬಂದ ನೀರೇ ಕಾಯಿತು.

ಬಾಯರ್ 1875ರಲ್ಲಿ ತೀರಿಕೊಂಡ. ನೌಕೆಯನ್ನು ಮೇಲೆತ್ತಿದ್ದು 1887ರಲ್ಲಿ. ಈಗ ಅದು ಡ್ರೆಸ್ಡೆನ್ನಿನ ಸೇನಾ ವಸ್ತುಸಂಗ್ರಹಾಲಯದಲ್ಲಿದೆ. ಮುಳುಗಿರುವಾಗ ದೊಡ್ಡ ತೊಟ್ಟಿಗಳು ಪೂರ್ತಿ ತುಂಬಿರಬೇಕು, ಸಣ್ಣಪುಟ್ಟ ಹೊಂದಾಣಿಕೆಗೆ ಬೇರೆ ಚಿಕ್ಕ ತೊಟ್ಟಿಗಳಿರಬೇಕು ಎಂಬ ವಿವೇಕ ಮುಂದಿನ ನೌಕೆಗಳಲ್ಲಿ ನೆಲೆಗೊಂಡಿತು.

ಇಂದು ರೇಡಿಯೋ ಅಲೆಗಳಿಂದ ನಡೆಸುವ ಪುಟ್ಟ ಜಲಾಂತರ್ಗಾಮಿಗಳನ್ನು ಕೊಳಗಳಲ್ಲಿ ಮುಳುಗಿಸಿ ಏಳಿಸುವ ಹವ್ಯಾಸಿಗಳಿಗೂ ಇದೇ ಪಾಠ. ಅವರಲ್ಲಿ ಕೆಲವರು ವೈದ್ಯರ ಸಿರಿಂಜಿನಂತಹ ಕೊಳವೆಯನ್ನು ನೌಕೆಯ ನಡುವೆ ಇರಿಸಿ, ಒಳಗಿನ ದಂಡವನ್ನು ಎಳೆದು ನೀರು ತುಂಬುತ್ತಾರೆ. ನೀರಿನ ಮೇಲೆ ಖಾಲಿ ಜಾಗವೇ ಉಳಿಯದ್ದರಿಂದ ಅದು ಅತ್ತಿತ್ತ ಹರಿಯದು. ಎಷ್ಟೇ ನೀರಿರಲಿ, ಆ ಕೊಡ ಸದಾ ತುಂಬಿದ ಕೊಡವೇ. ಬಾಯರನಿಗೆ ಅಂದು ಇಲ್ಲವಾದದ್ದು ಬುದ್ಧಿಯಲ್ಲ. ಒಂದೆರಡು ತೊಟ್ಟಿಗಳ ಖರ್ಚು.